ಇದು ಚೊಚ್ಚಲ ಬಸುರಲ್ಲ

ಅಮೆರಿಕದ ಎಡಿಸನ್ ಊರಿನ ಕ್ಲಿನಿಕ್ಕಿನಲ್ಲಿ ಮೊದಲ ದಿನ ನನ್ನ ಕೈಗೆ ನಾಲ್ಕು ಪುಟದ ಫಾರಂ ಕೊಟ್ಟರು. ಅಪ್ಪನಿಗೆ ಸಕ್ಕರೆ ಕಾಯಿಲೆ ಇದೆಯಾ, ಯಾವ ಔಷಧಿ ಆಗಿಬರುವುದಿಲ್ಲ, ಮನೆಯಲ್ಲಿ ಬೆಕ್ಕು ಸಾಕಿದ್ದೀರಾ, ಎಲ್ಲಕ್ಕೂ ನಿಜವನ್ನೇ ಬರೆದೆ. ‘ಇದಕ್ಕೆ ಮುಂಚೆ ಎಷ್ಟು ಸಲ ಗರ್ಭಿಣಿಯಾಗಿದ್ದಿರಿ?’ ಎಂಬ ಪ್ರಶ್ನೆಗೆ ಮಾತ್ರ ಸೊನ್ನೆ ಬರೆದೆ. ಟೀಚರಮ್ಮನ ಮಗಳಿಗೆ ತಕ್ಕ ಹಾಗೆ, ದುಂಡಗೆ, ತಿದ್ದಿ ತೀಡಿದ ಸೊನ್ನೆ.

ಆ ಸೊನ್ನೆ ಸುಳ್ಳು. ಅದು ನನ್ನನ್ನೂ ನನ್ನ ಮಗಳನ್ನೂ ಸಾವಿನ ಹೊಸಿಲಿಗೆ ಕರೆದೊಯ್ಯಬಹುದಿತ್ತು. ಮಗಳಿಗೆ ಈಗ ಹದಿನಾಲ್ಕು ತಿಂಗಳು. ಇದನ್ನು ಬರೆಯುತ್ತಿರುವಾಗ ಕಾಲ ಬಳಿ ಕೂತು ನನ್ನ ಚಪ್ಪಲಿ ಅಗಿಯುತ್ತಿದ್ದಾಳೆ. ನಾನು ಬೆಳಗಿನ ಬಿಪಿ ಮಾತ್ರೆ ನುಂಗಿ ಕೂತಿದ್ದೇನೆ. ನನಗೆ ಬಾಯಿ ಜಾಸ್ತಿ ಎಂದು ನೆಂಟರಿಷ್ಟರೆಲ್ಲ ಹೇಳುತ್ತಾರೆ. ಅಂಥ ನಾನೇ ಬಾಯಿ ಮುಚ್ಚಿಕೊಂಡು ಸೊನ್ನೆ ಬರೆದಿದ್ದೆ ಅಂದಮೇಲೆ, ಬರೆದವರು ಇನ್ನೂ ಎಷ್ಟು ಜನರಿದ್ದಾರೋ. ಅವರಿಗಾಗಿ ಇದು.

ಸೊನ್ನೆ ಬರೆಯಲು ಕಾರಣ ಇಬ್ಬರು. ಒಬ್ಬರು ಪಕ್ಕದಲ್ಲೇ ಕೂತಿದ್ದರು: ವಸಂತಾ ಆಂಟಿ, ಪಕ್ಕದೂರು ಮನ್ರೋದವರು, ಈ ಕಡೆಯ ಕನ್ನಡದವರಲ್ಲಿ ಯಾರ ಮನೆಯಲ್ಲಿ ತೊಟ್ಟಿಲು ಕಟ್ಟಿದರೂ ಮೊದಲು ಗೊತ್ತಾಗುವುದು ಅವರಿಗೇ. ನನ್ನ ಗಂಡ ಪ್ರಸನ್ನ ಪಾರ್ಸಿಪನಿ ಊರಿನ ಆಫೀಸಿಗೆ ಹೋಗಿದ್ದ. ನನಗೆ ವಾಂತಿಯೋ ವಾಂತಿ. ಪಾಪ, ಆಂಟಿಯೇ ಡ್ರೈವ್ ಮಾಡಿಕೊಂಡು ಕರೆದುಕೊಂಡು ಬಂದಿದ್ದರು. ಕನ್ನಡಕ ಮೂಗಿನ ತುದಿಗೆ ಇಳಿಸಿ ನನ್ನ ಫಾರಂ ಓದುತ್ತಿದ್ದರು.

“ಚೊಚ್ಚಲು ಅಲ್ವೇನಮ್ಮಾ? ಸೀಮಂತ ನಮ್ಮನೇಲೇ ಮಾಡೋಣ. ಬೇಸ್‌ಮೆಂಟ್ ದೊಡ್ಡದಿದೆ” ಅಂದರು.

ಇನ್ನೊಬ್ಬರು ತುಮಕೂರಿನಲ್ಲಿದ್ದ ನನ್ನ ಅಮ್ಮ. ಹಿಂದಿನ ದಿನ ವಿಡಿಯೋ ಕಾಲ್‌ನಲ್ಲಿ ಹೇಳಿದ್ದಳು: “ಅಲ್ಲಿ ಡಾಕ್ಟ್ರ ಹತ್ರ ಹಳೇದೆಲ್ಲ ಕೆದಕ್ಬೇಡ ಶೈಲೂ. ಹೊಸ ಊರು, ಹೊಸ ಡಾಕ್ಟ್ರು. ಒಳ್ಳೇ ಕೆಲಸಕ್ಕೆ ಹೊರಟಾಗ ಅಪಶಕುನದ ಮಾತು ಯಾಕೆ? ಇದೇ ಚೊಚ್ಚಲು ಅಂದ್ಕೊಂಬಿಡು.”

“ಅಂದ್ಕೊಂಡ್ರೆ ಆಗ್ಬಿಡುತ್ತಾ?”

“ಬಿಡ್ತು ಅನ್ನು!”

ನಮ್ಮಲ್ಲಿ ಕೆಟ್ಟದ್ದು ಬಾಯಿಗೆ ಬಂದರೆ ತಕ್ಷಣ ‘ಬಿಡ್ತು’ ಅನ್ನಬೇಕು. ಅಂದೆ. ಎರಡು ವರ್ಷದಿಂದ ಅನ್ನುತ್ತಲೇ ಇದ್ದೆ.

ಏನನ್ನು ಬಿಟ್ಟುಬಿಡು ಅನ್ನುತ್ತಿದ್ದಳು ಅಂತ ಹೇಳಬೇಕಲ್ಲ. ಅಮೆರಿಕಕ್ಕೆ ಬರುವ ಮುಂಚೆ ನಾವು ಮೂರು ವರ್ಷ ಸುಡಾನಿನ ಖಾರ್ಟೂಮಿನಲ್ಲಿದ್ದೆವು. ಪ್ರಸನ್ನನಿಗೆ ಅಲ್ಲಿ ಮೊಬೈಲ್ ಟವರುಗಳನ್ನು ನೋಡಿಕೊಳ್ಳುವ ಕೆಲಸ. ಬಿಸಿಲು ನಮ್ಮ ರಾಯಚೂರಿನದ್ದನ್ನೂ ಮೀರಿಸುವಂಥದ್ದು. ಆದರೆ ಜನ ಬಂಗಾರ. ನಮ್ಮ ಬಾಡಿಗೆ ಮನೆಯ ಪಕ್ಕದಲ್ಲಿ ಜೈನಬ್ ಎಂಬ ಅರವತ್ತು ದಾಟಿದ ಹೆಂಗಸು. ಅಲ್ಲಿ ವಯಸ್ಸಾದ ಹೆಂಗಸರನ್ನು ‘ಹಾಜಾ’ ಎಂದು ಕರೆಯುತ್ತಾರೆ. ಹಾಜಾ ಜೈನಬ್ ಮೂವತ್ತು ವರ್ಷ ಸರ್ಕಾರಿ ಆಸ್ಪತ್ರೆಯಲ್ಲಿ ಸೂಲಗಿತ್ತಿಯಾಗಿದ್ದವರು. ನನಗೆ ಹರುಕುಮುರುಕು ಅರಬ್ಬಿ ಕಲಿಸಿದವರೂ ಅವರೇ. ನಾನು ಬಸುರಿ ಎಂದು ನನಗಿಂತ ಮೊದಲು ಅವರಿಗೆ ಗೊತ್ತಾಗಿತ್ತು. ನನ್ನ ಕತ್ತು ನೋಡಿ ಹೇಳಿಬಿಟ್ಟಿದ್ದರು.

ಏಳನೇ ತಿಂಗಳು ಹಿಡಿದಿತ್ತು. ಒಂದು ಬೆಳಿಗ್ಗೆ ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದೆ. ದೂರದಲ್ಲಿ ಪಟಾಕಿ ಹೊಡೆದ ಹಾಗಾಯಿತು. ಯಾರದೋ ಮದುವೆ ಅಂದುಕೊಂಡೆ. ರವೆ ಕೆಂಪಗಾಗುವಷ್ಟರಲ್ಲಿ ಕಿಟಕಿ ಗಾಜು ನಡುಗತೊಡಗಿತು. ಊರಿನೊಳಗೇ ಎರಡು ಸೈನ್ಯ ಹೊಡೆದಾಡುತ್ತಿದ್ದವು. ಅಂದಿನಿಂದ ಕರೆಂಟಿಲ್ಲ, ನಲ್ಲಿಯಲ್ಲಿ ನೀರಿಲ್ಲ, ಬೀದಿಗೆ ಇಳಿಯುವ ಹಾಗಿಲ್ಲ. ನಾನು ತೋರಿಸುತ್ತಿದ್ದ ಆಸ್ಪತ್ರೆ ಮೂರನೇ ದಿನ ಬಾಗಿಲು ಹಾಕಿತು.

ನನ್ನ ಕಾಲು ಬಾತುಕೊಂಡವು. ತಲೆ ಸಿಡಿಯುತ್ತಿತ್ತು. ನಿದ್ದೆಯಿಲ್ಲ, ಸೆಕೆ, ಹೆದರಿಕೆ, ಅದಕ್ಕೇ ಅಂದುಕೊಂಡೆ. ಸದ್ದು ನಿಂತಾಗ ತಲೆನೋವೂ ನಿಲ್ಲುತ್ತದೆ ಎಂದು ಪ್ರಸನ್ನನಿಗೆ ನಾನೇ ಸಮಾಧಾನ ಹೇಳಿದೆ. ಕಣ್ಣ ಮುಂದೆ ಚುಕ್ಕಿ ಕುಣಿಯತೊಡಗಿದ ಮೇಲೆ ಹಾಜಾಗೆ ಹೇಳಿದ್ದು. ಅವರು ತಮ್ಮ ಹಳೇ ಬಿಪಿ ಯಂತ್ರ ತಂದು ತೋಳಿಗೆ ಸುತ್ತಿದರು. ಒಂದು ಸಲ ನೋಡಿದರು. ಬಿಚ್ಚಿ ಇನ್ನೊಂದು ತೋಳಿಗೆ ಸುತ್ತಿ ಮತ್ತೆ ನೋಡಿದರು. ಸೆರಗು ತಲೆಗೆಳೆದುಕೊಂಡು ಎದ್ದರು. ಗೋಡೆಗಳ ಸಂದಿಯಲ್ಲೇ ಬಗ್ಗಿಕೊಂಡು ಮನೆಮನೆಗೆ ಹೋಗಿ ಬಿಪಿ ಮಾತ್ರೆ ಇದೆಯಾ ಎಂದು ಕೇಳಿದರಂತೆ. ರಂಜಾನ್ ಉಪವಾಸ ಬೇರೆ. ನಾಲ್ಕು ಮಾತ್ರೆ ಸಿಕ್ಕಿತು.

ಮಾರನೆಯ ದಿನ ನಸುಕಿಗೆ ಅವರ ಮನೆಯ ನಡುಕೋಣೆಯಲ್ಲಿ ಹೆರಿಗೆಯಾಯಿತು. ಹೆಣ್ಣು. ಅತ್ತಳು. ಬೆಕ್ಕಿನ ಮರಿಯ ದನಿ, ಆದರೂ ಅತ್ತಳು. ಹಾಜಾ ಅವಳನ್ನು ಹತ್ತಿಯಲ್ಲಿ ಸುತ್ತಿ ನನ್ನ ಎದೆಯ ಮೇಲೆ ಮಲಗಿಸಿ, ಮೇಲೆ ತಮ್ಮ ಕೈ ಇಟ್ಟುಕೊಂಡು ಕೂತರು. ಅಂಥ ಕೂಸನ್ನು ಇಡುವ ಬೆಚ್ಚನೆಯ ಪೆಟ್ಟಿಗೆ ಎರಡು ಮೈಲಿ ದೂರದಲ್ಲಿತ್ತು. ಆ ಎರಡು ಮೈಲಿ ದಾಟುವ ಹಾಗಿರಲಿಲ್ಲ. ದಾಟಿದ್ದರೂ ಅಲ್ಲಿ ಕರೆಂಟಿರಲಿಲ್ಲ. ಮಧ್ಯಾಹ್ನದ ನಮಾಜಿನ ಹೊತ್ತಿಗೆ ಅವಳು ಉಸಿರು ನಿಲ್ಲಿಸಿದಳು.

ಸ್ಮಶಾನಕ್ಕೆ ಹೋಗುವುದೂ ಸಾಧ್ಯವಿರಲಿಲ್ಲ. ಹಾಜಾ ಅಂಗಳದಲ್ಲಿ ಬೇವಿನ ಮರ ಇತ್ತು. ಪ್ರಸನ್ನನೇ ಗುಂಡಿ ತೋಡಿದ. ಹಾಜಾ ಕೇಳಿದರು, ಹೆಸರೇನು? ನಮ್ಮಲ್ಲಿ ಹನ್ನೊಂದು ದಿನ ಆಗದೆ ಹೆಸರಿಡುವುದಿಲ್ಲ ಅಂತ ನಾನು ತಡವರಿಸಿದೆ. “ಹೆಸರಿಲ್ಲದೆ ಮಗುವನ್ನು ಮಣ್ಣಿಗೆ ಕೊಡಲಾರೆ” ಅಂದರು ಅವರು. ತಮ್ಮ ತಾಯಿಯ ಹೆಸರು ಕೊಟ್ಟರು. ಅವಳ ಕಿವಿಯಲ್ಲಿ ಮೂರು ಸಲ ಹೇಳಿ, ಆಮೇಲೆ ಪ್ರಸನ್ನನ ಕೈಗೆ ಕೊಟ್ಟರು.

ನಾಲ್ಕು ದಿನದ ಮೇಲೆ ನಮ್ಮಂಥವರನ್ನು ಬಂದರಿಗೆ ಕರೆದೊಯ್ಯುವ ಬಸ್ಸು ಸಿಕ್ಕಿತು. ನಮ್ಮ ಹತ್ತಿರ ಪಾಸ್‌ಪೋರ್ಟ್ ಇತ್ತು, ಹತ್ತಿದೆವು. ಹಾಜಾ ನೋಡಿಕೊಳ್ಳುತ್ತಿದ್ದ ಇನ್ನೂ ಮೂವರು ಬಸುರಿಯರು ಆ ಬೀದಿಯಲ್ಲೇ ಉಳಿದರು. ಅವರ ಹೆರಿಗೆ ಏನಾಯಿತೋ ನನಗೆ ಗೊತ್ತಿಲ್ಲ. ಹಾಜಾ ನಂಬರಿಗೆ ಪ್ರಸನ್ನ ಈಗಲೂ ಫೋನ್ ಮಾಡುತ್ತಾನೆ, ಹೋಗುವುದಿಲ್ಲ. ಬಸ್ಸಿನಲ್ಲಿ ಮರಳುಗಾಡಿನ ನಡುವೆ ನನಗೆ ಎದೆಹಾಲು ಇಳಿಯಿತು. ದೇಹಕ್ಕೆ ಸುದ್ದಿ ಮುಟ್ಟಿರಲಿಲ್ಲ. ಹಾಜಾ ಹೊರಡುವ ಮುನ್ನ ಎದೆಗೆ ಬಟ್ಟೆ ಬಿಗಿದು ಕಟ್ಟಿದ್ದರು. ಅದೂ ತೊಯ್ದು ಹೋಯಿತು. ಪಕ್ಕದ ಸೀಟಿನ ಮಲಯಾಳಿ ನರ್ಸ್ ಒಬ್ಬಳು ತನ್ನ ದುಪಟ್ಟಾ ತೆಗೆದು ನನ್ನ ಮೇಲೆ ಹೊದಿಸಿದಳು.

ತುಮಕೂರಿನಲ್ಲಿ ಅಮ್ಮ ನನಗೆ ಪೂರ್ತಿ ಬಾಣಂತನ ಮಾಡಿದಳು. ಎಣ್ಣೆನೀರು, ಸಾಂಬ್ರಾಣಿ ಹೊಗೆ, ಮೆಣಸಿನ ಸಾರು, ಒಂದೂ ಬಿಡಲಿಲ್ಲ. ತೊಟ್ಟಿಲೊಂದಿರಲಿಲ್ಲ. ನೆಂಟರಿಗೆ “ಐದು ತಿಂಗಳಲ್ಲೇ ಹೋಯ್ತು” ಎಂದು ಹೇಳಿದಳು, ಅದನ್ನೇ ಹೇಳು ಅಂತ ನನಗೂ ಕಲಿಸಿದಳು. ನಾನು ‘ಅಮ್ಮಾ, ಅವಳು’ ಅಂತ ಶುರು ಮಾಡಿದರೆ ಸಾಕು, ಕೈಯಲ್ಲಿ ಏನಿದ್ದರೂ ಕೆಳಗಿಟ್ಟು “ಬಿಡ್ತು ಅನ್ನು” ಅನ್ನುತ್ತಿದ್ದಳು. ಆಗ ನನಗೆ ಅವಳ ಮೇಲೆ ಸಿಟ್ಟಿತ್ತು. ಈಗ ಅರ್ಥವಾಗುತ್ತದೆ, ಅವಳು ನನ್ನನ್ನು ಕಾಯುತ್ತಿದ್ದಳು. ಅವಳಿಗೆ ಗೊತ್ತಿದ್ದ ರೀತಿ ಅದೊಂದೇ.

ಹೀಗೆ ಬಂತು ನೋಡಿ, ಎಡಿಸನ್ನಿನ ಸೊನ್ನೆ.

ಡಾಕ್ಟರ್ ಎಲೆನಾ, ಬಿಳಿ ಕೂದಲಿನ ಚುರುಕು ಹೆಂಗಸು, ಫಾರಂ ನೋಡಿ ನಕ್ಕು ಮೊದಲ ಮಗುವಿಗೆ ಅಭಿನಂದನೆ ಹೇಳಿದರು. ನಾನೂ ನಕ್ಕೆ. ಮನೆಗೆ ಬಂದು ಪ್ರಸನ್ನನಿಗೆ ಹೇಳಿದಾಗ ಅವನು ಶೂಸ್ ಬಿಚ್ಚುತ್ತಿದ್ದವನು ಹಾಗೇ ನಿಂತ.

“ಹೇಳ್ಬೇಕಿತ್ತು ಕಣೆ.”

“ನೀನು ಹೇಳು ಹಾಗಾದ್ರೆ. ನೀನು ಯಾರಿಗೆ ಹೇಳಿದ್ದೀಯ?”

ಅವನು ಇನ್ನೊಂದು ಶೂ ಬಿಚ್ಚಿ ಗೋಡೆಗೆ ಒತ್ತಿಟ್ಟ. ಗುಂಡಿ ತೋಡಿದ ದಿನದಿಂದ ಆ ವಿಷಯಕ್ಕೆ ಅವನ ಬಾಯಿಗೂ ಬೀಗ. ಇಬ್ಬರೂ ಒಂದೇ ಮನೆಯಲ್ಲಿ, ಒಂದೇ ಸೊನ್ನೆಯ ಆಚೆ ಈಚೆ ಕೂತು ಅನ್ನ ಸಾರು ತಿಂದೆವು. ಮೂರು ತಿಂಗಳು ಹಾಗೇ ಕಳೆದವು. ಕ್ಲಿನಿಕ್ಕಿನಲ್ಲಿ ಬಿಪಿ ನೋಡುವಾಗಲೆಲ್ಲ ನಾನು ಗೋಡೆಯ ಮೇಲಿನ ಚಿತ್ರ ನೋಡುತ್ತಿದ್ದೆ. ಅಂಕಿ ಸರಿಯಾಗಿಯೇ ಇರುತ್ತಿತ್ತು. ಪ್ರತಿ ಸಲವೂ ‘ಮುಂದಿನ ಸಲ ಹೇಳುತ್ತೇನೆ’ ಅಂದುಕೊಂಡು ಹೊರಗೆ ಬರುತ್ತಿದ್ದೆ.

ಆರನೇ ತಿಂಗಳಲ್ಲಿ ಒಂದು ದಿನ ಕಾಯುವ ಕೋಣೆಯಲ್ಲಿ ನನ್ನ ಎದುರು ಒಬ್ಬ ತುಂಬು ಬಸುರಿ ಕೂತಿದ್ದಳು, ಜೊತೆಗೆ ಎರಡು ಸಣ್ಣ ಮಕ್ಕಳು. ತಲೆಯಿಂದ ಕಾಲಿನವರೆಗೆ ಒಂದೇ ಹಳದಿ ಬಟ್ಟೆ ಸುತ್ತಿಕೊಂಡಿದ್ದಳು. ಹಾಜಾ ಉಡುತ್ತಿದ್ದದ್ದೂ ಅದೇ. ನರ್ಸ್ ಬಂದು ಫಾರಂ ತುಂಬಿಸುತ್ತಿದ್ದಳು. ಫೋನಿನಲ್ಲಿ ಅನುವಾದ ಮಾಡುವವನ ಲೈನು ಮತ್ತೆ ಮತ್ತೆ ಕಟ್ಟಾಗುತ್ತಿತ್ತು. ಮಕ್ಕಳೆಷ್ಟು ಎಂದರೆ ಆಕೆ ನಾಲ್ಕು ಬೆರಳು ತೋರಿಸುತ್ತಾಳೆ. ನರ್ಸ್ ಆ ಇಬ್ಬರು ಮಕ್ಕಳನ್ನು ನೋಡಿ “ಟೂ?” ಅನ್ನುತ್ತಾಳೆ. ಆಕೆ ಮತ್ತೆ ನಾಲ್ಕು.

ನನಗೆ ಎಲ್ಲಿಲ್ಲದ ಧೈರ್ಯ ಬಂತು. ಎದ್ದು ಹೋಗಿ ನನ್ನ ಹರುಕು ಅರಬ್ಬಿಯಲ್ಲಿ ಕೇಳಿದೆ. ಆಕೆಯ ಹೆಸರು ಮುನಾ. ನನ್ನ ಬಾಯಲ್ಲಿ ತನ್ನ ಊರಿನ ಮಾತು ಕೇಳಿ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಆಮೇಲೆ ಒಂದೊಂದೇ ಬೆರಳು ಮಡಿಸಿ ಹೇಳಿದಳು. ಒಬ್ಬ ಇಲ್ಲಿ. ಒಬ್ಬಳು ಇಲ್ಲಿ. ಒಬ್ಬ ಖಾರ್ಟೂಮಿನ ಪಕ್ಕದ ಊರು ಒಮ್ದುರ್ಮಾನಿನ ಮಣ್ಣಿನಲ್ಲಿ. ಒಬ್ಬಳು ದಾರಿಯಲ್ಲಿ, ಗಡಿಯ ಹತ್ತಿರದ ಮಣ್ಣಿನಲ್ಲಿ. ನಾಲ್ವರ ಹೆಸರನ್ನೂ ಹೇಳಿದಳು. ಹೋದವರ ಹೆಸರು ಹೇಳುವಾಗ ದನಿ ಸ್ವಲ್ಪವೂ ತಗ್ಗಲಿಲ್ಲ.

ನಾನು ನರ್ಸ್‌ಗೆ ಹೇಳಿದೆ, “ನಾಲ್ಕು ಅಂತಲೇ ಬರೀಬೇಕಂತೆ.” ಅವಳು ಬರೆದುಕೊಂಡಳು.

ಮುನಾ ನನ್ನ ಹೊಟ್ಟೆ ಕಡೆ ನೋಡಿ ಕೇಳಿದಳು: “ನಿನಗೆ ಎಷ್ಟು?”

ಯುದ್ಧದಿಂದ ಎರಡು ಮಕ್ಕಳನ್ನು ಕೈಯಲ್ಲಿ ಹಿಡಿದುಕೊಂಡು, ಇನ್ನಿಬ್ಬರ ಹೆಸರನ್ನು ಬಾಯಲ್ಲಿ ಹಿಡಿದುಕೊಂಡು ಬಂದವಳ ಮುಂದೆ ಸೊನ್ನೆ ಅನ್ನುವುದಕ್ಕೆ ನನಗೆ ನಾಲಿಗೆ ಹೊರಳಲಿಲ್ಲ. “ಒಬ್ಬಳು. ಖಾರ್ಟೂಮಿನಲ್ಲಿ, ಬೇವಿನ ಮರದ ಕೆಳಗೆ” ಅಂದೆ. ಅಂದವಳೇ ಅಲ್ಲೇ, ಆ ನೀಲಿ ಕುರ್ಚಿಗಳ ನಡುವೆ, ಬಿಕ್ಕಿ ಬಿಕ್ಕಿ ಅತ್ತೆ. ಮುನಾ ನನ್ನ ತಲೆಯನ್ನು ತನ್ನ ಭುಜಕ್ಕೆ ಒತ್ತಿಕೊಂಡಳು. ಅವಳ ಮಗ ಒಂದು ಬಿಸ್ಕತ್ತು ಕೊಟ್ಟ. ಅಳುತ್ತಲೇ ತಿಂದೆ.

ಅವತ್ತು ಒಳಗೆ ಹೋಗಿ ಡಾಕ್ಟರ್ ಎಲೆನಾಗೆ ಎಲ್ಲ ಹೇಳಿದೆ: ಊತ, ತಲೆಸಿಡಿತ, ಚುಕ್ಕಿಗಳು, ಹಾಜಾ ಎರಡೂ ತೋಳಿಗೆ ಸುತ್ತಿ ನೋಡಿದ ಅಂಕಿ. ಬೈಯುತ್ತಾರೆ ಎಂದು ಕಾದೆ. ಅವರು ಕಂಪ್ಯೂಟರ್ ಕಡೆಯಿಂದ ತಿರುಗಿ ಸ್ಟೂಲು ಎಳೆದುಕೊಂಡು ನನ್ನ ಮುಂದೆ ಕೂತರು. ಮೊದಲು ಕೇಳಿದ್ದು, “ಎಷ್ಟು ಹೊತ್ತು ಇದ್ದಳು?” ಆಮೇಲೆ ನಿಧಾನವಾಗಿ ಹೇಳಿದರು. ಆಗ ಬಂದದ್ದಕ್ಕೆ ಪ್ರೀ-ಎಕ್ಲಾಂಪ್ಸಿಯಾ ಎಂದು ಹೆಸರು, ಬಸುರಲ್ಲಿ ಬಿಪಿ ವಿಪರೀತ ಏರುವ ಕಾಯಿಲೆ. ಒಮ್ಮೆ ಬಂದವರಿಗೆ ಮತ್ತೆ ಬರಬಹುದು. ಇದು ಮೊದಲೇ ಗೊತ್ತಿದ್ದರೆ ಮೂರನೇ ತಿಂಗಳಿಂದಲೇ ಒಂದು ಸಣ್ಣ ಮಾತ್ರೆ ಶುರು ಮಾಡುತ್ತಿದ್ದರಂತೆ, ಅದರ ಸಮಯ ಮೀರಿದೆ. “ಬೇರೆ ಯಾವುದಕ್ಕೂ ಸಮಯ ಮೀರಿಲ್ಲ” ಅಂದರು. ಅವತ್ತೇ ಬಿಪಿ ನೋಡಿದಾಗ ಅದು ಮೊದಲ ಸಲ ಮೇಲೆ ಹತ್ತಲು ಶುರುವಾಗಿತ್ತು. ಕಾಕತಾಳೀಯವೋ ಏನೋ. ಮನೆಗೆ ಒಂದು ಬಿಪಿ ಯಂತ್ರ ಕೊಟ್ಟು ಕಳಿಸಿದರು: ದಿನಕ್ಕೆ ಎರಡು ಸಲ, ಮೇಲಿನ ಅಂಕಿ ನೂರ ಅರವತ್ತು ದಾಟಿದರೆ ಯೋಚನೆ ಮಾಡುತ್ತ ಕೂರದೆ ಆಸ್ಪತ್ರೆಗೆ.

ಆ ಸಂಜೆ ಪ್ರಸನ್ನ ಆ ಯಂತ್ರವನ್ನು ನನ್ನ ತೋಳಿಗೆ ಸುತ್ತಿದ. “ಆ ಬೇವಿನ ಮರದ ಬೇರು ಅಡ್ಡ ಬಂತು ಕಣೆ, ಕೈಯಲ್ಲೇ ಬಿಡಿಸ್ದೆ” ಅಂದ. ಎರಡು ವರ್ಷದಲ್ಲಿ ಆ ದಿನದ ಬಗ್ಗೆ ಅವನು ಹೇಳಿದ ಮೊದಲ ಮಾತು ಅದು. ಆವತ್ತು ಇಬ್ಬರೂ ಊಟ ಬಿಟ್ಟು ಮಾತಾಡಿದೆವು.

ವಸಂತಾ ಆಂಟಿಗೂ ಖಾರ್ಟೂಮಿನದ್ದೆಲ್ಲ ಹೇಳಿಬಿಟ್ಟೆ, ಇದು ಎರಡನೇದು, ಸೀಮಂತ ಬೇಡ ಅಂತ. ಅವರು ಫೋನಿನಲ್ಲೇ, “ಹಸಿರು ಬಳೆ ಆರ್ಡರ್ ಮಾಡಿ ಆಗಿದೆ ಕಣಮ್ಮಾ. ನಿಂಗೆ ಆಗ ಯಾರು ಮಾಡಿದ್ರು ಹೇಳು, ಆ ಗುಂಡಿನ ಸದ್ದಲ್ಲಿ? ಇಬ್ಬರು ಮಕ್ಕಳದ್ದೂ ಸೇರಿಸಿ ಈಗ್ಲೇ ಮಾಡ್ತೀನಿ, ಬಾಯ್ಮುಚ್ಕೊಂಡು ಬಾ” ಅಂದರು. ನಾನು ಯಾರ ಕಣ್ಣಿಗೆ ಹೆದರಿ ಸೊನ್ನೆ ಬರೆದಿದ್ದೆನೋ, ಅವರೇ ಹೀಗೆ.

ಅಮ್ಮ ಬಂದದ್ದು ಏಳನೇ ತಿಂಗಳಿನಲ್ಲಿ, ಎರಡು ಸೂಟ್‌ಕೇಸು ತುಂಬ ಅಂಟಿನುಂಡೆ, ಮೆಣಸಿನ ಪುಡಿ, ಹಳೇ ಕಾಟನ್ ಸೀರೆಗಳ ಜೊತೆ. ನಾನು ಡಾಕ್ಟರಿಗೆ ಹೇಳಿದ್ದು ಅವಳಿಗೆ ಗೊತ್ತಿರಲಿಲ್ಲ. ಅವಳನ್ನು ಕ್ಲಿನಿಕ್ಕಿಗೆ ಕರೆದುಕೊಂಡು ಹೋದ ದಿನ ನರ್ಸ್ ಮಾತಿನ ಮಧ್ಯೆ ‘ನಿಮ್ಮ ಮೊದಲ ಹೆರಿಗೆಯಲ್ಲಿ’ ಅಂದಳು. ಅಮ್ಮ ಪ್ರೈಮರಿ ಸ್ಕೂಲಿನಲ್ಲಿ ಮೂವತ್ತು ವರ್ಷ ಎಬಿಸಿಡಿ ಕಲಿಸಿದವಳು. ಅಷ್ಟು ಇಂಗ್ಲಿಷ್ ಅವಳಿಗೆ ಅರ್ಥವಾಗುತ್ತದೆ. ಕಾರು ಹತ್ತುವವರೆಗೆ ತಡೆದುಕೊಂಡಳು.

“ಅದನ್ನ ಕಂಪ್ಯೂಟರಲ್ಲಿ ಹಾಕ್ಸಿದ್ಯಾ? ಎಷ್ಟು ಬಡ್ಕೊಂಡೆ ನಿಂಗೆ! ತುಂಬಿದ ಹೊಟ್ಟೆ ಇಟ್ಕೊಂಡು ಆ ಮಾತಾಡ್ತಾರೇನೇ? ಬಿಡ್ತು ಅನ್ನು.”

ಓಕ್ ಟ್ರೀ ರಸ್ತೆಯ ತರಕಾರಿ ಅಂಗಡಿಯ ಮುಂದೆ ಕಾರು ನಿಲ್ಲಿಸಿದೆ. “ಅನ್ನಲ್ಲ” ಅಂದೆ. “ನಾನು ಬಿಡಲ್ಲ ಅಮ್ಮಾ. ಬಿಟ್ಟು ಬಂದಾಗಿದೆ, ಅಷ್ಟು ದೂರದಲ್ಲಿ, ಆ ಮರದ ಕೆಳಗೆ. ಇನ್ನೂ ಎಷ್ಟು ಬಿಡ್ಲಿ? ನಿನ್ನ ಮೊಮ್ಮಗಳು ಅವಳು. ಒಂದ್ ದಿನ, ಒಂದೇ ಒಂದ್ ದಿನ, ಹೇಗಿದ್ಲು ಅಂತ ಕೇಳಿದ್ಯಾ ನೀನು?”

ಅಮ್ಮ ಕಿಟಕಿ ಕಡೆ ತಿರುಗಿಕೊಂಡಳು. ಮನೆಗೆ ಬಂದದ್ದೇ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಷ್ಟು ಜೋರು ಮಾಡಬಾರದಿತ್ತು ಎಂದು ನನಗೆ ಪಶ್ಚಾತ್ತಾಪವಾಯಿತು. ಆದರೂ ಹೇಳಿದ್ದನ್ನು ವಾಪಸ್ಸು ತೆಗೆದುಕೊಳ್ಳಲು ಮನಸ್ಸಾಗಲಿಲ್ಲ.

ಮಾರನೆಯ ಬೆಳಿಗ್ಗೆ ನನ್ನ ತಲೆಗೆ ಎಣ್ಣೆ ಹಚ್ಚಲು ಕೂತಳು. ನಾನು ನೆಲದ ಮೇಲೆ, ಅವಳು ಸೋಫಾ ಮೇಲೆ. ಬೆನ್ನ ಹಿಂದಿನಿಂದ, ಬಹಳ ಸಣ್ಣ ದನಿಯಲ್ಲಿ ಕೇಳಿದಳು:

“ಕೂದಲಿತ್ತೇನೇ?”

“ತುಂಬಾ ಇತ್ತಮ್ಮ. ಕಪ್ಪಗೆ. ಹಣೆವರೆಗೂ.”

ಅವಳ ಬೆರಳು ನನ್ನ ತಲೆಯ ಮೇಲೆ ನಿಂತವು. “ನಿಂಗೂ ಹುಟ್ದಾಗ ಹಂಗೇ ಇತ್ತು” ಅಂದಳು. ಆಮೇಲೆ ಒಂದೊಂದೇ ಕೇಳಿದಳು. ಬಣ್ಣ ಹೇಗಿತ್ತು. ಕಣ್ಣು ಬಿಟ್ಟಳಾ. ಎದೆಗೆ ಹಾಕಿಕೊಂಡಿದ್ದೆಯಾ. ಹೆಸರನ್ನೂ ಹೇಳಿದೆ. ಹಲೀಮಾ. ಅಮ್ಮ ಸಾಬರ ಹೆಸರಾ ಅನ್ನುತ್ತಾಳೇನೋ ಎಂದು ಒಳಗೊಳಗೇ ಅಳುಕಿತ್ತು. ಅವಳು ಬಾಯಲ್ಲಿ ಎರಡು ಸಲ ಹೇಳಿ ನೋಡಿದಳು. “ಹೆಸರಿಲ್ದೆ ಕಳಿಸ್ಲಿಲ್ವಲ್ಲ. ಆ ತಾಯಿ ಎಲ್ಲಿದ್ರೂ ತಣ್ಣಗಿರ್ಲಿ” ಅಂದು ಮತ್ತೆ ಎಣ್ಣೆ ತಿಕ್ಕತೊಡಗಿದಳು. ನನ್ನ ಕತ್ತಿನ ಮೇಲೆ ಬಿದ್ದ ಹನಿಗಳು ಎಣ್ಣೆಯವಲ್ಲ.

ಎಂಟು ತಿಂಗಳು ತುಂಬಲು ಇನ್ನೂ ಮೂರು ದಿನ. ಬೆಳಿಗ್ಗೆ ಏಳೂವರೆಗೆ ಅದೇ ತಲೆನೋವು ಬಂತು. ಅದೇ ಅಂದರೆ ಅದೇ. ಹಳೇ ವೈರಿಯ ಹೆಜ್ಜೆ ಸದ್ದು ಗುರುತು ಸಿಕ್ಕ ಹಾಗೆ ಸಿಕ್ಕಿತು. ಯಂತ್ರ ಸುತ್ತಿದೆ. ನೂರ ಅರವತ್ತನಾಲ್ಕು, ನೂರ ಹನ್ನೆರಡು. ಬಿಚ್ಚಿ ಇನ್ನೊಂದು ತೋಳಿಗೆ ಸುತ್ತಿದೆ, ಹಾಜಾ ಮಾಡಿದ ಹಾಗೆ. ಅಷ್ಟೇ ಇತ್ತು. ಅಮ್ಮ ಶುಂಠಿ ಅರೆದು ಹಣೆಗೆ ಹಚ್ಚಲು ಎದ್ದವಳು, ನನ್ನ ಮುಖ ನೋಡಿ ಅಲ್ಲೇ ನಿಂತಳು. “ಅಳಿಯಂದ್ರೇ, ಕಾರ್ ತೆಗೀರಿ” ಎಂದು ಕೂಗಿದವಳು ಅವಳೇ.

ರೂಟ್ ಒನ್ ಹೆದ್ದಾರಿಯಲ್ಲಿ ಆಫೀಸ್ ಹೊತ್ತಿನ ಟ್ರಾಫಿಕ್. ನನಗೆ ಮಾತ್ರ ಒಂದೇ ಯೋಚನೆ: ಈ ದಾರಿಯಲ್ಲಿ ಯಾರೂ ಗುಂಡು ಹಾರಿಸುತ್ತಿಲ್ಲ. ನಿಧಾನವಾಗಿಯಾದರೂ ಗಾಡಿ ಮುಂದೆ ಹೋಗುತ್ತಿದೆ. ಆ ದಾರಿಯ ಕೊನೆಯಲ್ಲಿ ಕರೆಂಟಿರುವ ಆಸ್ಪತ್ರೆಯಿದೆ. ನನ್ನ ಜೀವನದಲ್ಲಿ ಟ್ರಾಫಿಕ್ಕಿಗೆ ಕೈಮುಗಿದದ್ದು ಅದೊಂದೇ ಸಲ.

ಆಸ್ಪತ್ರೆಯಲ್ಲಿ ಹೆಸರು ಹೇಳಿದ ತಕ್ಷಣ ಪರದೆಯ ಮೇಲೆ ನನ್ನ ಕತೆ ಬಂತು, ನಾನು ಬರೆಸಿದ್ದ ಕತೆ. ಅದನ್ನು ನೋಡಿದ ನರ್ಸ್ ನನ್ನನ್ನು ಕಾಯಲು ಕೂರಿಸಲಿಲ್ಲ, ನೇರ ಒಳಗೆ. ಅಲ್ಲಿ ಸೊನ್ನೆ ಇದ್ದಿದ್ದರೆ? ಆ ಪ್ರಶ್ನೆ ನನಗೆ ಈಗಲೂ ಪಾತ್ರೆ ತೊಳೆಯುವಾಗ ಬರುತ್ತದೆ.

ಸೂಜಿ ಚುಚ್ಚಲು ಆಂಟಿ ತೊಡಿಸಿದ್ದ ಹಸಿರು ಬಳೆ ಅಡ್ಡ ಬಂದವು. ಕತ್ತರಿಸುತ್ತೇವೆ ಅಂದಾಗ ಅಮ್ಮ “ನೋ ಬ್ರೇಕ್, ನೋ ಬ್ರೇಕ್” ಎಂದು ಗಾಬರಿಯಾದಳು. ಆ ನರ್ಸ್ ಏನು ಅರ್ಥ ಮಾಡಿಕೊಂಡಳೋ, ಲೋಷನ್ ತಂದು ನನ್ನ ಕೈಗೆ ಸವರಿ, ಹನ್ನೆರಡು ಬಳೆಯನ್ನೂ ಒಂದೊಂದಾಗಿ ಜಾರಿಸಿ ಅಮ್ಮನ ಕೈಗೆ ಕೊಟ್ಟಳು. ಆಮೇಲೆ ಫಿಟ್ಸ್ ಬರದಿರಲಿ ಎಂದು ಡ್ರಿಪ್ ಹಾಕಿದರು, ಮೈಯೆಲ್ಲ ಒಲೆಯಾಯಿತು. ಮಧ್ಯಾಹ್ನಕ್ಕೆ ಸಿಸೇರಿಯನ್. ಅಳು ಕೇಳಿಸಿತು. ಬೆಕ್ಕಿನ ಮರಿಯ ದನಿಯೇ. ಆದರೆ ಈ ಸಲ ಅವಳನ್ನು ಎತ್ತಿಕೊಂಡು ಓಡಲು ಜನರಿದ್ದರು, ಓಡಿದ ಕಡೆ ಬೆಚ್ಚನೆಯ ಪೆಟ್ಟಿಗೆಯಿತ್ತು.

ನನಗೆ ಡ್ರಿಪ್ ಇದ್ದುದರಿಂದ ಒಂದು ದಿನ ಪೂರ್ತಿ ಅವಳನ್ನು ನೋಡಲು ಬಿಡಲಿಲ್ಲ. ಪ್ರಸನ್ನ ಅವಳ ಹತ್ತಿರ, ಅಮ್ಮ ನನ್ನ ಹತ್ತಿರ. ಅಮ್ಮ ಅವಳ ಹತ್ತಿರ, ಪ್ರಸನ್ನ ನನ್ನ ಹತ್ತಿರ. ಫೋನಿನಲ್ಲಿ ಫೋಟೋ ತೋರಿಸಿದರೆ ನಾನು ಮುಖ ತಿರುಗಿಸುತ್ತಿದ್ದೆ. ಮತ್ತೊಂದು ಸಲ ನೋಡಿ ಕಳೆದುಕೊಳ್ಳುವ ಶಕ್ತಿ ನನಗಿರಲಿಲ್ಲ. ಇದನ್ನು ಹೇಳಲು ನಾಚಿಕೆ, ಆದರೂ ಹೇಳುತ್ತಿದ್ದೇನೆ. ನಿಮಗೂ ಹಾಗನ್ನಿಸಿದ್ದರೆ ನೀವು ಕೆಟ್ಟ ತಾಯಿಯೇನೂ ಅಲ್ಲ.

ಮಾರನೆಯ ದಿನ ಸಂಜೆ ಪ್ರಸನ್ನ ನನ್ನನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಹೋದ. ಎಳೆಗೂಸುಗಳ ಆ ಕೋಣೆಯ ಬಾಗಿಲಲ್ಲಿ ಕೈ ತೊಳೆಯುತ್ತಿದ್ದಾಗ ಅಮ್ಮನ ಬೆನ್ನು ಕಂಡಿತು. ಗಾಜಿನ ಪೆಟ್ಟಿಗೆಯ ಪಕ್ಕ ನೆಟ್ಟಗೆ ನಿಂತಿದ್ದಳು, ಸೀರೆಯ ಮೇಲೆ ಆಸ್ಪತ್ರೆಯ ನಿಲುವಂಗಿ. ನರ್ಸ್ ಪೆಟ್ಟಿಗೆಯ ಮೇಲಿನ ಬಿಳಿ ಬೋರ್ಡಿನಲ್ಲಿ ಮನೆಯವರ ಹೆಸರು ಬರೆಯುತ್ತಿದ್ದಳು. ಅಮ್ಮ, ಅಪ್ಪ, ಅಜ್ಜಿ.

“ಫಸ್ಟ್ ಗ್ರ್ಯಾಂಡ್‌ಬೇಬಿ?” ಎಂದು ನಗುತ್ತ ಕೇಳಿದಳು.

ಪ್ರಸನ್ನ ನಲ್ಲಿ ನಿಲ್ಲಿಸಿದ.

“ನೋ,” ಅಂದಳು ಅಮ್ಮ, ಒಂದನೇ ಕ್ಲಾಸಿನ ಮಕ್ಕಳಿಗೆ ಹೇಳುವ ಸ್ಪಷ್ಟ ದನಿಯಲ್ಲಿ. “ಸೆಕೆಂಡ್. ಫಸ್ಟ್ ಆಲ್ಸೋ ಗರ್ಲ್. ವಾರ್ ಟೈಮ್ ಬಾರ್ನ್. ನೌ ನಾಟ್ ದೇರ್. ಬಟ್ ಸಿಸ್ಟರ್. ಯೂ ರೈಟ್.”

ನರ್ಸ್ ಪೆನ್ನು ಎತ್ತಿದಳು. ಹೆಸರು ಕೇಳಿದಳು.

ಅಮ್ಮ ಹೇಳಿದಳು. ಅವಳು ಬರೆದು ಮುಗಿಸುವವರೆಗೆ ಬೋರ್ಡಿನಿಂದ ಕಣ್ಣು ತೆಗೆಯಲಿಲ್ಲ. ಆಮೇಲೆ ತಿರುಗಿ ನನ್ನನ್ನು ನೋಡಿ, ಕನ್ನಡಕದ ಕೆಳಗೆ ಒರೆಸಿಕೊಳ್ಳುತ್ತ ಕೇಳಿದಳು: “ಹಲೀಮಾ ತಾನೇ? ಸರಿಯಾಗ್ ಹೇಳಿದ್ನೇನೇ?”